ಐದು ತಿಂಗಳ ಮದುಮಗ

ವಿನಿಪೆಗ್, ಜನವರಿ 19

ಅರವತ್ತೆರಡರ ಮದುಮಗಳಾದ ನಮ್ಮ ಅತ್ತೆಗೆ,

ನಮ್ಮೂರು ಚಾಕೋದ ಬಿಸಿಲನ್ನು ಬೈದದ್ದಕ್ಕೆ ತಪ್ಪಾಯಿತು. ಇಲ್ಲಿನ ಚಳಿಯಲ್ಲಿ ಮೂಗು ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತೇನೆ.

ನೀವೂ ಕೊರ್ನೇಲಿಯಸ್ ಮಾವನೂ (ಮಾವ ಎನ್ನಬಹುದು ತಾನೇ?) ಒಬ್ಬನೇ ಫ್ರಾಂಜ್‌ನ ಮರಿಮಕ್ಕಳು, ಮದುವೆ ಕೂಡದು ಎಂದು ನಮ್ಮ ಚರ್ಚಿನ ಸಭೆಯ ಹಿರಿಯ ಡೀಡ್ರಿಖ್ ಹಟ ಹಿಡಿದಿದ್ದಾರಲ್ಲ? ಇಲ್ಲಿನ ಹಳೆಯ ದಾಖಲೆಗಳಲ್ಲಿ ಇಬ್ಬರು ಫ್ರಾಂಜ್ ಸಿಕ್ಕಿದರು! ಸಭೆಯ ಪುಸ್ತಕದವನು ಹುಟ್ಟಿದ್ದು 1831ರಲ್ಲಿ, ಆಗ ನಮ್ಮವರಿದ್ದ ರಷ್ಯದ ಸರ್ಕಾರಿ ಪುಸ್ತಕದವನು 1852ರ ಮೇ ತಿಂಗಳಲ್ಲಿ. ನಾನು ಕುಣಿಯುವುದೊಂದು ಬಾಕಿ. ಆಮೇಲೆ ನೋಡಿದರೆ ಈ ಎರಡನೆಯ ಮಹಾಶಯ ಅದೇ ವರ್ಷ ಅಕ್ಟೋಬರಿನಲ್ಲಿ ಮದುವೆಯಾಗಿದ್ದಾನೆ.

ದಾಖಲೆ ನೋಡಿಕೊಳ್ಳುವ ಯುಸ್ಟೀನಾ ಬಿದ್ದೂ ಬಿದ್ದೂ ನಕ್ಕರು. "ಅಯ್ಯೋ ಮಾರಾಯ್ರೇ, ಅದು ದೀಕ್ಷಾಸ್ನಾನದ ತಾರೀಕು! ಸರ್ಕಾರಿ ಗುಮಾಸ್ತ ನಮ್ಮ ಸಭೆಗೆ ಹೊರಗಿನವನು. ಸ್ನಾನ ಅಂದ್ರೆ ಕೂಸಿಗೇ ಅಂದ್ಕೊಂಡು ಅದನ್ನೇ ಹುಟ್ಟಿದ ತಾರೀಕು ಅಂತ ಬರ್ಕೊಂಡಿದಾನೆ. ನಮ್ಮೋರು ಮದುವೆ ವಯಸ್ಸಿಗೆ ಬಂದ್ಮೇಲೆ ತಾನೇ ನೀರಿಗೆ ತಲೆ ಒಡ್ಡೋದು?"

ಅಲ್ಲಿಗೆ ಫ್ರಾಂಜ್ ಒಬ್ಬನೇ ಆದ. ನನ್ನ ಸಪ್ಪೆ ಮುಖ ನೋಡಲಾರದೆ ಯುಸ್ಟೀನಾ, "ಆ ನಿಮ್ಮ ಹಿರಿಯರದ್ದೂ ಒಂದ್ಸಲ ನೋಡೋಣ ಬನ್ನಿ" ಎಂದರು. ಡೀಡ್ರಿಖರ ಅಜ್ಜನ ಅಪ್ಪ ಯಾರು? ಫ್ರಾಂಜ್. ಅವರ ಹೆಂಡತಿಯ ಅಜ್ಜಿಯ ಅಪ್ಪ? ಅದೇ ಫ್ರಾಂಜ್!

ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡಿ. ಮೊಹರು ಹಾಕಿಸಿದ ನಕಲು ಬೇರೆ ಲಕೋಟೆಯಲ್ಲಿ ಬರುತ್ತಿದೆ, ಭಾನುವಾರ ಎಲ್ಲರೆದುರಿಗೇ ಡೀಡ್ರಿಖರ ಕೈಗೆ ಕೊಡಿ. ಒಂದೋ ನಿಮ್ಮ ಮದುವೆ ನಡೆಸಿಕೊಡಲಿ, ಇಲ್ಲವೇ ಹನ್ನೊಂದು ಮಕ್ಕಳ ಮುಂದೆ ತಮ್ಮದನ್ನು ಮುರಿದುಕೊಳ್ಳಲಿ.

ಜಾಗ ಮುಗಿಯಿತು.
ಅಬ್ರಾಮ್