ಹಿಂದಕ್ಕೆ ನೆಟ್ಟ ಗೂಟ

೧೯ ಆಗಸ್ಟ್, ಬುಧವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ನೆನಪುಗಳು.

‘ಉಭಯ ಕುಶಲೋಪರಿ’ ಎಂದು ಶುರುಮಾಡಿ ಹೊಡೆದುಹಾಕಿದೆ. ನಿನ್ನ ಕಡೆಯ ಕುಶಲ ನಿನಗೇ ಗೊತ್ತು. ನಮ್ಮ ಕಡೆಯದನ್ನು ಕುಶಲ ಎನ್ನಬೇಕೋ ಬೇಡವೋ, ಓದಿ ನೀನೇ ತೀರ್ಮಾನಿಸು. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಸಂಜೆ ಮನೆಗೆ ಬಂದು, ಬೂಟಿನ ಕೆಸರು ಕೆರೆದು, ಕಾಲು ತೊಳೆದು ಕೂತರೆ ಪೆನ್ನಿರಲಿ, ನೀರಿನ ಲೋಟ ಎತ್ತಲೂ ಕೈ ಏಳುವುದಿಲ್ಲ. ನಿಮ್ಮ ಭಾವ ದಿನಾ “ಪುಟ್ಟಿಗೆ ಬರೆದ್ಯಾ?” ಅಂತ ಕೇಳುತ್ತಾರೆ, ನಾನು ಉತ್ತರ ಕೊಡುವಷ್ಟರಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ನೀನು ನನಗೊಂದು ಕೆಲಸ ಒಪ್ಪಿಸಿದ್ದೆಯಲ್ಲ, ಅದರ ಮಾತು ಕೊನೆಗೆ. ಮೊದಲು ಮನೆಯ ಸುದ್ದಿ.

ನಿಮ್ಮ ಮನೆ ಹೋಯಿತು, ಪುಟ್ಟಿ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಗಂಡ ಕ್ಷೇಮವಾಗಿದ್ದಾರೆ, ಮೈಮೇಲೆ ಒಂದು ಗೀರೂ ಆಗಿಲ್ಲ. ನಮ್ಮ ಮುಂದಿನ ಕೋಣೆಯಲ್ಲೇ ಮಲಗುತ್ತಾರೆ. ಆದರೆ ಅಡುಗೆಮನೆಯೂ ಅದರ ಪಕ್ಕದ ಮರಗೆಲಸದ ಶೆಡ್ಡೂ ಹೋದ ಶುಕ್ರವಾರ ಹೊಳೆಯ ಪಾಲಾದವು. ಉಳಿದ ಅರ್ಧ ಇನ್ನೂ ನಿಂತಿದೆ, ಒಳಗೆ ಕಾಲಿಡಲು ಯಾರನ್ನೂ ಬಿಡುತ್ತಿಲ್ಲ.

ಹೇಗಾಯಿತು ಎಂದು ಕೇಳುತ್ತೀಯ. ನೀನು ಹೋಗುವಾಗ ಹೊಸ ಸೇತುವೆಯ ಒಂದು ಕಂಬವೂ ಎದ್ದಿರಲಿಲ್ಲ. ಆಮೇಲೆ ಕಂಬ ಕಟ್ಟುವುದಕ್ಕೆಂದು ಆಚೆ ದಡದಿಂದ ನಡುಹೊಳೆಯವರೆಗೆ ಮಣ್ಣು ಸುರಿದು ಲಾರಿಗಳಿಗೆ ದಾರಿ ಮಾಡಿದರು. ನೀರು ಪಾಪ ಎಲ್ಲಿಗೆ ಹೋಗಬೇಕು? ಪೂರ್ತಿ ನಮ್ಮ ದಡಕ್ಕೇ ಬಂದು ಒರಗಿತು, ಅಂದಿನಿಂದ ಕೊರೆಯುತ್ತಲೇ ಇದೆ. ಎಷ್ಟು ಕೊರೆಯಿತು ಎಂದು ನೋಡುವ ಕೆಲಸಕ್ಕೆ ಸೇತುವೆಯವರು ನನ್ನನ್ನು ಇಟ್ಟುಕೊಂಡಿದ್ದಾರೆ. ಅದೇನು ಕೆಲಸ ಎಂದು ಹೇಳಿದರೆ ನಗುತ್ತೀಯ. ಅಂಚಿನಿಂದ ಸ್ವಲ್ಪ ಒಳಗೆ, ಪ್ರತಿ ಮನೆಯ ಹಿಂದೆ ಒಂದೊಂದು ಮರದ ಗೂಟ ಹೊಡೆದಿದ್ದಾರೆ. ಪ್ರತಿ ಸೋಮವಾರ ಗೂಟದಿಂದ ದಡದ ಅಂಚಿನವರೆಗೆ ಟೇಪು ಹಿಡಿದು ಅಳೆದು ಬರೆದುಕೊಳ್ಳಬೇಕು. ಅಂಕಿ ಇಳಿದರೆ ದಡ ಸವೆದಿದೆ ಎಂದು ಅರ್ಥ. ತೀರಾ ಇಳಿದರೆ ಗೂಟದ ಹಿಂದಿನ ಮನೆಯನ್ನು ಖಾಲಿ ಮಾಡಿಸಬೇಕು.

ಅಳೆದುಕೊಂಡು ಹೋಗಿ ತಗಡಿನ ಆಫೀಸಿನಲ್ಲಿ ಎಂಜಿನಿಯರಿಗೆ ಕೊಡುತ್ತೇನೆ. ಅವರು ಕನ್ನಡಕ ಏರಿಸಿ ಓದಿ “ನೋಡೋಣ” ಎನ್ನುತ್ತಾರೆ. ಮಣ್ಣು ತೆಗೆಸಿ ಎಂದರೂ ನೋಡೋಣ, ದಡಕ್ಕೆ ಕಲ್ಲು ಹಾಕಿಸಿ ಎಂದರೂ ನೋಡೋಣ. ನಾವೆಲ್ಲ ಅವರನ್ನು ನೋಡೋಣ ಸಾಹೇಬರು ಎಂದೇ ಕರೆಯುವುದು. ಕೆಟ್ಟವರಲ್ಲ, ಅವರ ಮೇಲೂ ಯಾರೋ ಒಬ್ಬರು ನೋಡೋಣ ಎನ್ನುವವರಿದ್ದಾರೆ. ಒಟ್ಟಿನಲ್ಲಿ ನನ್ನದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ. ಕೂತು ಎದ್ದು, ಕೂತು ಎದ್ದು ಮಂಡಿ ಸವೆದುಹೋಗಿದೆ. ದಡಕ್ಕಿಂತ ಮೊದಲು ನಾನೇ ಕುಸಿಯುತ್ತೇನೆ ಎಂದು ನಿಮ್ಮ ಭಾವನಿಗೆ ಹೇಳಿದ್ದೆ.

ಆ ಗೂಟಗಳನ್ನು ಮಾಡಿಕೊಟ್ಟವರು ನಿನ್ನ ಗಂಡನೇ. ನಿನ್ನ ಕೆಲಸದ ಊರಿಗೆ ಬರಲು ಅವರು ಒಪ್ಪದೆ ಇದ್ದಾಗ “ಗೂಟ ಹೊಡ್ಕೊಂಡು ಕೂತಿರೋ ಮನುಷ್ಯ” ಅಂತ ಬೈದು ಬಸ್ಸು ಹತ್ತಿದ್ದೆಯಲ್ಲ, ಸರಿಯಾಗಿ ಅದಾದ ತಿಂಗಳಿಗೇ ಗೂಟದ ಆರ್ಡರು ಬಂತು. ನಾನು ನಕ್ಕೆ. ಅವರು ನಗಲಿಲ್ಲ. ಒಂದೊಂದಕ್ಕೂ ಉಜ್ಜುಗೊರಡು ಹಿಡಿದು ನುಣುಪು ಮಾಡಿದರು. ಮಣ್ಣಿಗೆ ಹೋಗುವ ಮರಕ್ಕೆ ಇಷ್ಟು ಸಿಂಗಾರ ಯಾಕೆ ಎಂದರೆ “ನೀವು ಕೈ ಇಡ್ತೀರಲ್ಲ ಅಕ್ಕ, ಸಿಬಿರು ಚುಚ್ಚುತ್ತೆ” ಅಂದರು.

ಬೇಸಿಗೆ ಕಳೆದ ಮೇಲೆ ಎಲ್ಲ ಮನೆಗಳ ಹಿಂದೆಯೂ ಅಂಕಿ ಇಳಿಯತೊಡಗಿತು. ಎಡಪಕ್ಕದ ದರ್ಜಿಯ ಮನೆ, ಬಲಪಕ್ಕದ ಟೀಚರ ಮನೆ ಎರಡನ್ನೂ ಖಾಲಿ ಮಾಡಿಸಿದೆವು. ನಡುವಿನ ನಿಮ್ಮದು ಮಾತ್ರ ಅಲುಗಲಿಲ್ಲ. ಸೋಮವಾರದಿಂದ ಸೋಮವಾರಕ್ಕೆ ಅದೇ ಅಂಕಿ. ಸಾಹೇಬರು “ಅಲ್ಲಿ ಕೆಳಗೆ ಬಂಡೆ ಇರ್ಬೇಕು” ಅಂದರು. ನಾನೂ ನಂಬಿದೆ, ನಂಬಲು ನನಗೂ ಆಸೆಯಿತ್ತು. ತಂಗಿಯ ಮನೆ ಉಳಿಯಿತಲ್ಲ ಎಂದು ಆ ಒಂದು ಗೂಟದ ಹತ್ತಿರ ಮಾತ್ರ ಮನಸ್ಸು ಹಗುರವಾಗುತ್ತಿತ್ತು.

ಹೋದ ವಾರದ ಸೋಮವಾರ ಅಳತೆ ಮುಗಿಸಿ, ಏಳಲಾರದೆ ಅಲ್ಲೇ ಕೂತೆ. ಆಗ ಕಣ್ಣಿಗೆ ಬಿತ್ತು. ಉಳಿದ ಗೂಟಗಳ ಬುಡದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿದೆ, ಇದರ ಬುಡದಲ್ಲಿ ಬರೀ ಹಸಿ ಮಣ್ಣು. ಸ್ವಲ್ಪ ಮುಂದೆ ಮುಚ್ಚಿದ ಒಂದು ಕುಳಿ, ಕಪಾಟಿನಲ್ಲಿ ಮೊಳೆ ಕಿತ್ತ ತೂತನ್ನು ಮುಚ್ಚಿದಷ್ಟು ನೀಟಾಗಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸೀದಾ ಶೆಡ್ಡಿಗೆ ಹೋದೆ.

“ಗೂಟ ಕಿತ್ತಿದ್ದು ಯಾರು?”

“ನಾನೇ ಅಕ್ಕ.” ಉಜ್ಜುತ್ತಿದ್ದ ಕೈ ನಿಲ್ಲಲಿಲ್ಲ.

“ಯಾಕೆ?”

“ನೀರಿಗೆ ಬೀಳೋ ಹಾಗಿತ್ತು. ಒಳ್ಳೇ ಮರ, ಸುಮ್ನೆ ಹಾಳಾಗೋದ್ಯಾಕೆ ಅಂತ ಸ್ವಲ್ಪ ಹಿಂದೆ ನೆಟ್ಟೆ.”

“ಎಷ್ಟು ಸಲ?”

ಹಲಗೆಯ ಮೇಲಿನ ಹೊಟ್ಟು ಊದಿದರು, ಅಷ್ಟೇ. ಬಾಯಿಗೆ ಬಂದಂತೆ ಬೈದೆ, ಪುಟ್ಟಿ. ಗೂಟ ಹಿಂದೆ ಹೋದರೆ ಅಂಚೂ ಹಿಂದೆ ಬಂದದ್ದು ಗೊತ್ತಾಗುವುದು ಹೇಗೆ, ನಿಮ್ಮ ಮರ ಉಳಿಸಲು ಹೋಗಿ ನೀವೇ ನೀರಿಗೆ ಬೀಳುತ್ತಿದ್ದಿರಲ್ಲ ಎಂದೆ. ತಲೆ ತಗ್ಗಿಸಿಕೊಂಡು ಕೇಳಿದರು. ಹಳೆಯ ಕುಳಿಗಳನ್ನೆಲ್ಲ ತೋರಿಸಿ ಎಂದರೆ ಮೊದಲಿನ ಕುಳಿಯೇ ಇಲ್ಲ, ಅದಿದ್ದ ನೆಲ ಎಂದೋ ಹೊಳೆಯಲ್ಲಿತ್ತು.

ಸಾಹೇಬರಿಗೆ ಹೇಳಿದೆ. ಮೊದಲ ಸಲ ಅವರ ಬಾಯಿಂದ ನೋಡೋಣ ಬರಲಿಲ್ಲ. “ಈಗ್ಲೇ ಖಾಲಿ ಮಾಡ್ಸಿ” ಅಂದರು. ದರ್ಜಿ, ನಿಮ್ಮ ಭಾವ, ನಾನು ಮೂವರೂ ಸೇರಿ ಸಾಮಾನು ಹೊತ್ತೆವು. ನಿನ್ನ ಗಂಡ ಹಲಗೆಗಳನ್ನು ಮುಟ್ಟಲಿಲ್ಲ, ಉಳಿ ಕೊಡತಿಯ ಚೀಲವನ್ನೂ ಕೊನೆಗೇ ತಂದದ್ದು. ಮೊದಲು ನಿನ್ನ ಬಟ್ಟೆಯ ಕಪಾಟು. ಆಮೇಲೆ ಅಡುಗೆಮನೆಯ ಕಿಟಕಿಯ ಬಾಗಿಲುಗಳನ್ನು ಕೀಲು ಸಮೇತ ಬಿಚ್ಚತೊಡಗಿದರು. ಅಡುಗೆಮನೆಗೆ ಕಿಟಕಿ ಯಾವಾಗ ಬಂತು ಎಂದು ನಾನು ಬಾಯಿಬಿಟ್ಟುಕೊಂಡು ನಿಂತೆ. ವಾರವಾರ ಅದರ ಹಿಂದೆಯೇ ಅಳೆಯುತ್ತಿದ್ದರೂ ಟೇಪು ಬಿಟ್ಟು ತಲೆಯೆತ್ತಿದವಳಲ್ಲ ನಾನು. ಹೊಗೆಯಲ್ಲಿ ಕಣ್ಣು ಹೋಗುತ್ತೆ, ಹೊಳೆ ಕಡೆಗೆ ಒಂದು ಕಿಟಕಿ ಇಟ್ಟುಕೊಡಿ ಎಂದು ನೀನು ಮದುವೆಯಾದ ವರ್ಷದಿಂದ ಕೇಳುತ್ತಿದ್ದೆಯಲ್ಲ. ನೀನು ಹೋದ ಮೇಲೆ ಗೋಡೆ ಒಡೆದು ಇಟ್ಟಿದ್ದಾರೆ. ತುಂಬ ಚೆನ್ನಾಗಿತ್ತು, ಒಲೆಯ ಮುಂದೆ ನಿಂತರೆ ಹೊಳೆಯೆಲ್ಲ ಕಾಣುತ್ತಿತ್ತು. ಶುಕ್ರವಾರ ಮೊದಲು ಬಿದ್ದದ್ದು ಅದೇ ಗೋಡೆ. ದೊಡ್ಡ ಸದ್ದೇನೂ ಆಗಲಿಲ್ಲ.

ಈಗ ಅವರು ನಮ್ಮ ಮನೆಯಲ್ಲಿ ಅಲುಗುವ ಕುರ್ಚಿ ಮೇಜುಗಳನ್ನೆಲ್ಲ ಸರಿಮಾಡುತ್ತಿದ್ದಾರೆ. ಅಲುಗದವನ್ನೂ ಸರಿಮಾಡುತ್ತಿದ್ದಾರೆ. ನಿಮ್ಮ ಭಾವ “ಇರ್ಲಿ ಬಿಡು, ನನ್ನನ್ನೂ ಒಂದು ಸಲ ಉಜ್ಜಿ ನುಣುಪು ಮಾಡ್ಲಿ” ಎನ್ನುತ್ತಾರೆ. ನಾನು ಸೋಮವಾರ ಮತ್ತೆ ಟೇಪು ಹಿಡಿದು ಹೋಗಬೇಕು. ಸಾಕಾಗಿದೆ, ಪುಟ್ಟಿ. ಹಾಸಿಗೆಯಲ್ಲಿ ಮಲಗಿದರೂ ಕಾಲಡಿಯ ಮಣ್ಣು ಜಾರಿದ ಹಾಗಾಗುತ್ತದೆ.

ನೀನು ಹೊತ್ತುಹೊತ್ತಿಗೆ ಊಟ ಮಾಡು. ಆಸ್ಪತ್ರೆಯ ಕೆಲಸ, ಇಡೀ ದಿನ ನಿಂತೇ ಇರಬೇಡ, ನಮ್ಮ ಮನೆತನದ ಮಂಡಿ ಎಂಥದೆಂದು ನಿನಗೆ ಗೊತ್ತು. ಎಲ್ಲಿದ್ದರೂ ನಿನ್ನ ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ.

ನಿನ್ನ,
ಅಕ್ಕ

ತಾ.ಕ.: ನೀನು ಒಪ್ಪಿಸಿದ ಕೆಲಸ ಮಾಡಿಲ್ಲ. “ನಾನು ಇನ್ನು ವಾಪಸ್ಸು ಬರಲ್ಲ, ನೀನೇ ಮೆಲ್ಲಗೆ ಅವರಿಗೆ ಹೇಳು” ಎಂದು ಬರೆದಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾನೂ ನೋಡೋಣ ಸಾಹೇಬರೇ ಆಗಿಬಿಟ್ಟೆ. ನಿನ್ನೆ ಸಂಜೆ ಕಾಗದವನ್ನು ಜೊತೆಗೇ ಇಟ್ಟುಕೊಂಡು ಅವರ ಮುಂದೆ ಕೂತೆ. ಅದಕ್ಕೆ ಮೊದಲು ಇನ್ನೊಂದು ಮಾತು ಕೇಳಬೇಕಾಗಿತ್ತು. ಬರೀ ಮರ ಉಳಿಸಲು ನೆಟ್ಟವರಾಗಿದ್ದರೆ ಅಂಕಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕಿತ್ತು. ನನಗೆ ಪ್ರತಿ ವಾರವೂ ಅದೇ ಅಂಕಿ ಬರುತ್ತಿತ್ತು. “ಅಳೆದೇ ನೆಟ್ಟಿದ್ರಿ ಅಲ್ವಾ?” ಎಂದೆ. ಕೈಯಲ್ಲಿದ್ದ ಉಜ್ಜುಗೊರಡನ್ನು ಕೆಳಗಿಟ್ಟರು. ಆಮೇಲೆ “ಖಾಲಿ ಮಾಡಿಸಿಬಿಟ್ರೆ ಅವಳು ಎಲ್ಲಿಗೆ ಬರ್ತಾಳೆ ಅಕ್ಕ? ಬರೋವರೆಗೂ ಮನೆ ಅಂತ ಒಂದು ಇರ್ಲಿ ಅಂದ್ಕೊಂಡೆ” ಅಂದರು. ಗೋಡೆಗೆ ಒರಗಿಸಿದ ಕಿಟಕಿಯ ಬಾಗಿಲು ತೋರಿಸಿ “ಇದನ್ನ ಎಲ್ಲಿ ಬೇಕಾದ್ರೂ ಕೂರಿಸ್ಬಹುದು. ಅವಳಿರೋ ಊರಲ್ಲಾದ್ರೂ ಸರಿ. ಬರೆಯುವಾಗ ಅವಳಿಗೆ ಹೇಳಿ” ಎಂದರು.

ಹೇಳಿದ್ದೇನೆ. ನಿನ್ನ ಮಾತನ್ನು ಮಾತ್ರ ನಾನು ಅವರಿಗೆ ಹೇಳಲಾರೆ. ಏನೇ ಇದ್ದರೂ ಇನ್ನು ನೀನೇ ಬರೆ. ಅವರ ವಿಳಾಸ ಈಗ ನಮ್ಮ ಮನೆಯದೇ.