ನಿನ್ನ ಹತ್ರ ಏನು ಕೇಳೋದು

ಅಸ್ವಾನ್
೯ ನವೆಂಬರ್ ೨೦೦೯

ಪ್ರೀತಿಯ ವಿದಾದ್,

ಹೇಗಿದ್ದೀಯೆ? ಮಂಡಿನೋವು ಇಳಿಯಿತೆ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆದಿಲ್ಲ, ಬೈಯಿ. ತಲೆ ಕಲಸಿಹೋಗಿದೆ. ಅದಕ್ಕೇ ಬರೆಯಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ದೋಣಿಕಟ್ಟೆಯಲ್ಲಿ ಬುಟ್ಟಿ ಮಾರುವ ಹೆಂಗಸರಿಗೆ ಪ್ರವಾಸೋದ್ಯಮ ಕಚೇರಿಯವರು ಪರೀಕ್ಷೆ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಬೆಲೆ ಕೇಳಿದರೆ ಇಂಗ್ಲಿಷಿನಲ್ಲೇ ಹೇಳಬೇಕು, ಇಲ್ಲದಿದ್ದರೆ ಜಾಗವಿಲ್ಲ. ಮೂವತ್ತು ವರ್ಷ ಅದೇ ಕಲ್ಲಿನ ಮೇಲೆ ಕೂತವಳಿಗೆ ಜಾಗವಿಲ್ಲ ಎನ್ನುವ ಧಿಮಾಕು ನೋಡು. ಇಂಥ ಕಚೇರಿಗಳ ಮುಂದೆ ಕೂತು ನಾವಿಬ್ಬರೂ ಗಂಟಲು ಹರಿದುಕೊಂಡವರು. ಈಗ ಅವರ ಸಂಬಳಕ್ಕೆ ಆ ಹೆಂಗಸರಿಗೆ ಪಾಠ ಹೇಳುವವಳು ನಾನೇ.

ನಬ್ರಾ ಚಿಕ್ಕಮ್ಮ ನಿನಗೆ ನೆನಪಿರಬೇಕು, ಅಮ್ಮ ಸತ್ತ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವಳೂ ನನ್ನ ತರಗತಿಯಲ್ಲಿದ್ದಾಳೆ. ನಾನು ಬುಟ್ಟಿ ಎತ್ತಿ, "ಹೌ ಮಚ್ ಈಸ್ ದಿಸ್?" ಎಂದರೆ, "ತಗೊಂಡ್ ಹೋಗೆ, ನಿನ್ನ ಹತ್ರ ಏನು ಕೇಳೋದು," ಎನ್ನುತ್ತಾಳೆ. ನಮ್ಮ ಕ್ರಮ ಅದೇ ತಾನೆ? ಮಾರುವವಳು ದುಡ್ಡು ಬೇಡ ಅನ್ನಬೇಕು, ಕೊಳ್ಳುವವರು ಹಾಗೆಲ್ಲ ಆಗಲ್ಲ ಅನ್ನಬೇಕು, ಮೂರನೇ ಸಲಕ್ಕೆ ಬೆಲೆ ಹೊರಬೀಳಬೇಕು. ಚಿಕ್ಕಮ್ಮ ಅದನ್ನೇ ಇಂಗ್ಲಿಷ್ ಮಾಡಿಕೊಂಡಳು: "ಟೇಕ್, ಟೇಕ್. ಫ್ರೀ."

ಮೊದಲ ಪರೀಕ್ಷೆಯಲ್ಲಿ ಪರೀಕ್ಷಕ ಬುಟ್ಟಿಯನ್ನು ಬಗಲಿಗಿಟ್ಟುಕೊಂಡು ನಡೆದೇಬಿಟ್ಟ. ಫೇಲ್ ಅಂತಲೂ ಬರೆದ.

"ಬೇಡ ಅಂತ ಒಂದು ಮಾತಾದ್ರೂ ಅನ್ಬಾರ್ದಾ ಆ ಗಂಡಸು?" ಅಂದಳು.

"ಇಂಗ್ಲಿಷಲ್ಲಿ ಕೇಳಿದ ತಕ್ಷಣ ಬೆಲೆ ಹೇಳ್ಬೇಕು ಚಿಕ್ಕಮ್ಮ."

"ಕುತ್ತಿಗೆ ಹಿಡಿದ ಹಾಗೆ? ಒಂದು ಲೋಟ ಟೀ ಕುಡಿ ಅಂತಾನೂ ಅನ್ನದೆ?"

ಪಕ್ಕದ ಫೌಜಿಯಾ ಕಿಸಕ್ಕೆಂದಳು. "ನೀನು ಹೀಗೇ ಅಂತಿರು, ಬುಟ್ಟಿ ಜೊತೆ ನಿನ್ನನ್ನೂ ಎತ್ಕೊಂಡು ಹೋಗ್ತಾನೆ."

"ಹೋಗ್ಲಿ ಬಿಡು, ಎರಡು ಹೊತ್ತು ಊಟ ಹಾಕಿದ್ರೆ ಸಾಕು."

ಉಳಿದಿದ್ದು ಇನ್ನೊಂದೇ ಅವಕಾಶ. ಹದಿನೈದು ದಿನ ಬಾಯಿಪಾಠ ಮಾಡಿಸಿದೆ. ಅವಳು "ಟೇಕ್" ಎಂದಾಗಲೆಲ್ಲ ಮೇಜು ಕುಟ್ಟಿದೆ. ಬೆಲೆ, ಮೊದಲು ಬೆಲೆ. ಗುರುವಾರ ಪಾಸಾದಳು. ಕಲ್ಲು ಉಳಿಯಿತು.

ಗೆದ್ದದ್ದು ನಾನೋ ಕಚೇರಿಯೋ ತಿಳಿಯುತ್ತಿಲ್ಲ. ಕಲಿಸದಿದ್ದರೆ ಅವಳ ಅನ್ನ ಹೋಗುತ್ತಿತ್ತು. ಬೆಲೆ ಕೇಳಲು ಕಲಿಸುವ ಪುಸ್ತಕದಲ್ಲಿ, ನಾನು ಕೂತ ಜಾಗಕ್ಕೆ ಪರೀಕ್ಷೆ ಇಡಲು ನೀನ್ಯಾರು ಎಂದು ಕೇಳುವ ಪಾಠವಿಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೆ ಹೋಗಲಿ, ನನ್ನ ಬಾಯಲ್ಲಾದರೂ ಇರಬೇಕಿತ್ತು. ನೀನಾಗಿದ್ದರೆ ಏನು ಮಾಡುತ್ತಿದ್ದೆ? ನನ್ನ ಮುಖ ನೋಡದೆ ಬರೆ.

ದೇವರು ನಿನ್ನ ಮಂಡಿಗೂ ಮಕ್ಕಳಿಗೂ ಬಲ ಕೊಡಲಿ.

ನಿನ್ನ,
ಇಜ್ಲಾಲ್

ಬರೆಯಲೋ ಬೇಡವೋ ಎಂದುಕೊಂಡಿದ್ದ ಮಾತು: ನಿನ್ನೆ ಚಿಕ್ಕಮ್ಮನ ಕಲ್ಲಿನ ಹತ್ತಿರ ಹೋಗಿ ಬುಟ್ಟಿ ಎತ್ತಿಕೊಂಡು, ನಮ್ಮ ಮಾತಿನಲ್ಲೇ, "ಎಷ್ಟು ಚಿಕ್ಕಮ್ಮ?" ಅಂದೆ. ಹಾಗೆಲ್ಲ ಆಗಲ್ಲ ಎನ್ನಲು ಬಾಯಿ ಸಜ್ಜಾಗಿತ್ತು. "ನಲವತ್ತು ಪೌಂಡ್," ಅಂದಳು, ತಲೆ ಎತ್ತದೆ. ರೂಢಿಯಾಗಿಹೋಯಿತೋ, ಸಿಟ್ಟೋ, ಕೇಳಲು ಧೈರ್ಯವಾಗಲಿಲ್ಲ. ಕೊಟ್ಟೆ. ಎಣಿಸಿ ತೆಗೆದುಕೊಂಡಳು.