ಹಂಡೆಯ ಒಲೆಗೆ ಹೋದ ಹನ್ನೊಂದು ಗುಡ್ಡಗಳು

ಕಾಮನಕಟ್ಟಿ, ಧಾರವಾಡ
೯ ಜನವರಿ ೧೯೬೫

ನಮ್ಮ ಮನೆಯವರಿಗೆ ಸಂಗವ್ವನ ಶರಣು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಕಲಕತ್ತೆಯ ವಿಳಾಸ ಹುಬ್ಬಳ್ಳಿಯ ಕಾಸಿಮಸಾಬರು ಕೊಟ್ಟರು. ಚಿತ್ರಕ್ಕೆ ಕಟ್ಟು ಹಾಕುವವರಿಗೆ ಕಾಗದ ಬರೆಯುತ್ತೀರಿ, ಹೆಂಡತಿಗೆ ಒಂದು ಕಾರ್ಡೂ ಇಲ್ಲ. ಇರಲಿ, ಜಗಳ ತೆಗೆಯಲು ಕೂತಿಲ್ಲ ನಾನು.

ನಿಮಗೆ ಚಿತ್ರ ಕಲಿಸಿದ ಚೀನೀ ಗುರುಗಳು ಕೊಟ್ಟ ಮಸಿ ತೇಯುವ ಕಲ್ಲು ಇನ್ನೂ ದೇವರ ಜಗಲಿಯ ಮೇಲಿದೆ. ನಮ್ಮ ಚನ್ನವ್ವ ಜ್ವರದಲ್ಲಿ ತೀರಿಕೊಂಡ ವರ್ಷ ಅದರ ಮೇಲೆ ದಿನಾ ಮಸಿ ತೇಯ್ದುಕೊಟ್ಟವಳು ನಾನೇ. ಏಳು ವರ್ಷದ ಮಗಳದು ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅವಳ ಮುಖ ಬರೆಯುತ್ತೀರಿ ಅಂತ ಕಾದೆ. ನೀವು ಗುಡ್ಡ ಬರೆದಿರಿ. ಮತ್ತೊಂದು ಗುಡ್ಡ, ಮಗದೊಂದು ಗುಡ್ಡ. ಅರ್ಧ ಕಾಗದ ಬರೀ ಬಿಳಿ. ಇದನ್ಯಾಕ ಖಾಲಿ ಬಿಟ್ಟೀರಿ ಅಂದರೆ, "ಅದು ಮಂಜು. ಬರೀದ ಬಿಟ್ಟರನ ಕಾಣ್ತದ" ಅಂದಿರಿ. ನನಗೇನೂ ಕಾಣಲಿಲ್ಲ.

ಆಮೇಲೆ ಚೀನಾದ ಯುದ್ಧ ಬಂತು. ಚೀನೀ ಅಕ್ಷರದ ಕೆಂಪು ಮುದ್ರೆ ಒತ್ತಿದ ಚಿತ್ರ ಮನೆಯಲ್ಲಿದ್ದರೆ ಪೊಲೀಸರು ಎಳೆದೊಯ್ಯುತ್ತಾರೆ ಅಂತ ಓಣಿಯವರು ಹೆದರಿಸಿದರು. ಅದಕ್ಕೇ, ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಗೋಡೆಯ ಮೇಲಿದ್ದ ಹನ್ನೊಂದು ಚಿತ್ರಗಳನ್ನೂ ಹಂಡೆಯ ಒಲೆಗೆ ಹಾಕಿದೆ. ಆ ನೀರನ್ನೇ ನಿಮ್ಮ ತಲೆಗೆ ಎರೆದೆ. ಮಿಂದು ಬಂದು ಗೋಡೆ ನೋಡಿ ಕೇಳಿದಿರಿ, ಹೇಳಿದೆ. ಅಂಗಿ ತೊಟ್ಟು ಸ್ಟೇಶನ್ನಿಗೆ ನಡೆದಿರಿ. ಬೈದಿದ್ದರೆ ಛಲೋ ಇತ್ತು.

ಹೋದ ಸೋಮವಾರ ಕಾಸಿಮಸಾಬರು ಬಂದಿದ್ದರು. ಕಟ್ಟು ಹಾಕಲು ನೀವು ಅವರಲ್ಲಿ ಬಿಟ್ಟಿದ್ದ ಹನ್ನೆರಡನೆಯ ಚಿತ್ರವನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರಂತೆ. ಅದು ಸಂಗವ್ವಗ ಮುಟ್ಟಲಿ ಅಂತ ನೀವೇ ಬರೆದಿರಂತೆ. ನಾನು ಮುಖ ತಿರುವಿದೆ. "ಸಿಟ್ಟ ಆಮ್ಯಾಲ ಮಾಡ್ರಿ ಅಕ್ಕಾರ, ಮೊದಲ ಇಲ್ಲಿ ನೋಡ್ರಿ" ಅಂತ ಭೂತಗನ್ನಡಿ ಕೈಗಿತ್ತರು. ಚೀನೀಯರ ಚಿತ್ರದಲ್ಲಿ ಮನುಷ್ಯ ಎಳ್ಳಿನಷ್ಟೇ ಇರುತ್ತಾನಂತೆ, ಕಣ್ಣು ದಾರಿ ಹಿಡಿದು ನಡೆದು ಅವನನ್ನು ಹುಡುಕಬೇಕಂತೆ. ನನಗೇಕೆ ಹೇಳಲಿಲ್ಲ ನೀವು? ತಾನಾಗಿ ಹುಡುಕಲಿ ಅಂತ ಕಾದಿರೇನು?

ಮಂಜಿನ ಅಂಚಿಗೆ, ಕಾಲುದಾರಿಯ ಮೇಲೆ, ಎಳ್ಳಿನಷ್ಟು ಹುಡುಗಿ. ಪಾಟಿಚೀಲದ ಪಟ್ಟಿಯನ್ನು ಹಣೆಗೆ ಸಿಗಿಸಿ ಚೀಲ ಬೆನ್ನಿಗೆ ಇಳಿಬಿಟ್ಟಿದ್ದಾಳೆ. ಹಾಗೆ ಸಾಲಿಗೆ ಹೋಗುತ್ತಿದ್ದವಳು ಈ ಓಣಿಯಲ್ಲೆಲ್ಲ ಅವಳೊಬ್ಬಳೇ. ಕುತ್ತಿಗೆ ನೋಯ್ತದ ಹುಡುಗಿ ಅಂತ ಎಷ್ಟು ಸಲ ಬೈದಿದ್ದೆ.

ಅಯ್ಯೋ ಶಿವನೇ, ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಕಾಸಿಮಸಾಬರೇ ಒಳಗಿಂದ ನೀರು ತಂದುಕೊಟ್ಟರು.

ಚಿತ್ರ ಜಗಲಿಯ ಮೇಲಿದೆ, ದಿನಾ ಭೂತಗನ್ನಡಿ ಹಿಡಿದು ನೋಡುತ್ತೇನೆ. ಮನೆಗೆ ಬನ್ನಿ ಅಂತ ಕರೆಯುವ ಮುಖ ನನಗಿಲ್ಲ. ಬಂದರೆ ಮಸಿ ತೇಯ್ದುಕೊಡುತ್ತೇನೆ.

ಚನ್ನವ್ವನ ತಾಯಿ,
ಸಂಗವ್ವ

ತಾ.ಕ.: ಓಣಿಯವರು ಹೆದರಿಸಿದ್ದು ಖರೆ, ಆದರೆ ನಾನು ಹೆದರಿರಲಿಲ್ಲ. ಮಗಳನ್ನು ಮರೆತು ಗುಡ್ಡ ಬರೆಯುತ್ತಾ ಕೂತಿದ್ದಾರೆ ಅಂತ ಸಿಟ್ಟಿನಿಂದ ಸುಟ್ಟೆ. ಆ ಹನ್ನೊಂದರಲ್ಲೂ ಅವಳಿದ್ದಳೇನು ಅಂತ ಕಾಸಿಮಸಾಬರನ್ನು ಕೇಳುವ ಧೈರ್ಯವಾಗಲಿಲ್ಲ. ನೀವೇ ಬರೆಯಿರಿ. ಇದ್ದರೂ, ಇರಲಿಲ್ಲ ಅಂತಲೇ ಬರೆಯಿರಿ.